ಸಲಹೆ ಕೇಳಿದ ಮೇಲೆ: ಸಿನೊಡಿನ ಅಂತಿಮ ದಾಖಲೆಯ ಮೂರನೆಯ ಭಾಗದ ವಿಮರ್ಶೆ

ಧರ್ಮಾಧ್ಯಕ್ಷರ ಸಿನೊಡಿನ ಹದಿನಾರನೆಯ ಸಾಮಾನ್ಯ ಮಹಾಸಭೆಯು 2024ರ ಅಕ್ಟೋಬರ್ 26ರಂದು ತನ್ನ ಅಂತಿಮ ದಾಖಲೆಯನ್ನು ಮತಕ್ಕೆ ಹಾಕಿ ಅಂಗೀಕರಿಸಿತು. ಅದೇ ದಿನ ಜಗದ್ಗುರು ಫ್ರಾನ್ಸಿಸ್‌ರವರು ವಾಡಿಕೆಯಂತೆ ಪ್ರೇಷಿತ ಪ್ರಬೋಧನೆಯೊಂದನ್ನು ತಾವು ಬರೆಯುವುದಿಲ್ಲವೆಂದೂ ಈ ದಾಖಲೆಯನ್ನೇ ದೇವಪ್ರಜೆಯ ಕೈಗೆ ಒಪ್ಪಿಸುವುದಾಗಿಯೂ ತಿಳಿಸಿದರು. ನವೆಂಬರ್ 24ರ ಟಿಪ್ಪಣಿಯಲ್ಲಿ ಇದು ಪೇತ್ರನ ಉತ್ತರಾಧಿಕಾರಿಯ ಸಾಮಾನ್ಯ ಬೋಧನಾಧಿಕಾರದಲ್ಲಿ ಸೇರಿದೆಯೆಂದು ಸ್ಪಷ್ಟಪಡಿಸಿದರು. ಆದುದರಿಂದ 155 ಪರಿಚ್ಛೇದಗಳ ಈ ಬರಹವನ್ನು ಸಭೆಯೊಂದರ ವರದಿಯೆಂದು ಬದಿಗಿರಿಸುವ ಸ್ವಾತಂತ್ರ್ಯ ಗುರುಗಳಾದ ನಮಗಿಲ್ಲ. ಬೋಧನೆಯೆಂದು ಸ್ವೀಕರಿಸಿದುದನ್ನು ಪರೀಕ್ಷಿಸಿ ಓದುವುದು ದೈವಶಾಸ್ತ್ರದ ಕರ್ತವ್ಯವೂ ಹೌದು.

ಈ ಲೇಖನವು ದಾಖಲೆಯ ಮೂರನೆಯ ಭಾಗಕ್ಕೆ, ಅಂದರೆ ನಿರ್ಣಯ ಕೈಗೊಳ್ಳುವ ಕ್ರಮ, ಪಾರದರ್ಶಕತೆ ಹಾಗೂ ಭಾಗವಹಿಸುವಿಕೆಯ ಮಂಡಳಿಗಳನ್ನು ಕುರಿತ ಭಾಗಕ್ಕೆ ಸೀಮಿತವಾಗಿದೆ. ಧರ್ಮಕೇಂದ್ರದ ಗುರುವೂ ವಿಶ್ವಾಸಿಗಳೂ ದಿನನಿತ್ಯ ಮುಖಾಮುಖಿಯಾಗುವ ಪ್ರಶ್ನೆ ಇಲ್ಲಿದೆ: ಸಲಹೆ ಕೇಳಿದವನು, ಕೇಳಿದ ಮೇಲೆ, ಸಲಹೆ ಕೊಟ್ಟವರಿಗೆ ಏನನ್ನು ಸಲ್ಲಿಸಬೇಕಾಗಿದೆ? ದಾಖಲೆಯು ಈ ಪ್ರಶ್ನೆಯನ್ನು ಹಿಂದಿನ ಅನೇಕ ಪತ್ರಗಳಿಗಿಂತ ಧೈರ್ಯವಾಗಿ ಎತ್ತಿದೆ; ಆದರೆ ಅದಕ್ಕೆ ಕೊಟ್ಟ ಉತ್ತರವನ್ನು ಅರ್ಧದಲ್ಲಿಯೇ ನಿಲ್ಲಿಸಿದೆ ಎಂಬುದು ನಮ್ಮ ವಾದ.

ದಾಖಲೆ ಹೇಳುವುದೇನು?

ಮೊದಲು ಅದರ ಸತ್ತ್ವವನ್ನು ಗುರುತಿಸೋಣ. ದಾಖಲೆಯ ಪ್ರಕಾರ ನಿರ್ಣಯವೆಂಬುದು ಒಬ್ಬರ ಸಹಿಯೊಡನೆ ಹುಟ್ಟಿ ಮುಗಿಯುವ ಕ್ಷಣವಲ್ಲ. ವಿಷಯವನ್ನು ಅರಿಯುವುದು, ಪ್ರಾರ್ಥಿಸುವುದು, ಪರಸ್ಪರ ಆಲಿಸುವುದು, ವಿವೇಚಿಸುವುದು, ತೀರ್ಮಾನಿಸುವುದು, ಜಾರಿಗೆ ತರುವುದು, ಕಡೆಗೆ ಮೌಲ್ಯಮಾಪನ ಮಾಡುವುದು, ಇವೆಲ್ಲವೂ ಒಂದೇ ಪ್ರಕ್ರಿಯೆಯ ಅಂಗಗಳು. ತೀರ್ಮಾನಿಸುವ ಅಧಿಕಾರ ಧರ್ಮಾಧ್ಯಕ್ಷರಿಗೋ ಧರ್ಮಕೇಂದ್ರದ ಗುರುವಿಗೋ ಸೇರಿದ್ದರೂ ಉಳಿದ ಹಂತಗಳಲ್ಲಿ ಸಮುದಾಯವು ಸಹಭಾಗಿಯೇ. ಸಮಾಲೋಚನೆಯಲ್ಲಿ ಒಮ್ಮತವೊಂದು ಮೂಡಿದಾಗ ಬಲವಾದ ಕಾರಣವಿಲ್ಲದೆ ಅಧಿಕಾರಸ್ಥರು ಅದರಿಂದ ಸರಿಯಬಾರದು. ಸರಿದರೆ ಆ ಕಾರಣವನ್ನು ಯುಕ್ತ ರೀತಿಯಲ್ಲಿ ವಿವರಿಸಬೇಕು. ಸಮಾಲೋಚನೆಯೇ ನಡೆಯಲಿಲ್ಲವೆಂಬಂತೆ ವರ್ತಿಸಲು ಅವರಿಗೆ ಎಡೆಯಿಲ್ಲ.

92ನೆಯ ಪರಿಚ್ಛೇದ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಧರ್ಮಸಭೆಯ ಕಾನೂನಿನಲ್ಲಿ ಮತ್ತೆ ಮತ್ತೆ ಕಾಣುವ ‘ಕೇವಲ ಸಲಹಾತ್ಮಕ ಮತ’ ಎಂಬ ಸೂತ್ರದ ಸಂದಿಗ್ಧತೆಯನ್ನು ನಿವಾರಿಸಲು ಅದನ್ನು ಪುನಃ ಪರಿಶೀಲಿಸಬೇಕೆಂದು ಹೇಳುತ್ತದೆ. ಸಲಹೆಗೂ ತೀರ್ಮಾನಕ್ಕೂ ನಡುವೆ ಗೋಡೆ ಕಟ್ಟುವುದು ಸಾಲದೆಂದು ಒಪ್ಪಿಕೊಳ್ಳುತ್ತದೆ. ಪಾಲನಾ ಮಂಡಳಿಗಳು ಕಡ್ಡಾಯವಾಗಬೇಕು, ಚುನಾವಣೆಯಿಲ್ಲದಲ್ಲಿ ಅವುಗಳ ಸದಸ್ಯರ ನೇಮಕವು ಸಮಾಲೋಚನೆಯ ಆಧಾರದ ಮೇಲೆ ನಡೆಯಬೇಕು, ಸ್ತ್ರೀಯರು, ಯುವಜನರು, ಬಡವರು ಅವುಗಳಲ್ಲಿ ಹೆಚ್ಚಾಗಿ ಪಾಲ್ಗೊಳ್ಳಬೇಕು ಎಂಬ ಒತ್ತಾಯಗಳೂ ಇವೆ. ಸ್ತ್ರೀಯರು ಮೊದಲ ಬಾರಿಗೆ ಮತ ಚಲಾಯಿಸಿದ ಸಿನೊಡೊಂದರಿಂದ ಈ ಮಾತುಗಳು ಬಂದಿರುವುದು ಗಮನಾರ್ಹ.

ಕಾನೂನಿನ ತಕ್ಕಡಿ

ಈ ಒತ್ತಾಯದ ಅಗತ್ಯ ತಿಳಿಯಬೇಕಾದರೆ 1983ರ ಕಾನೂನು ಸಂಹಿತೆಯ ಕೆಲವು ವಿಧಿಗಳನ್ನು ಒಟ್ಟಿಗಿಟ್ಟು ಓದಬೇಕು. 537ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. ಅದರ ಹಿಂದಿನ 536ನೆಯ ವಿಧಿಯ ಪ್ರಕಾರ ಪಾಲನಾ ಮಂಡಳಿಯು, ಯಾಜಕ ಮಂಡಳಿಯನ್ನು ಆಲಿಸಿದ ಧರ್ಮಾಧ್ಯಕ್ಷರಿಗೆ ಉಚಿತವೆಂದು ತೋರಿದರೆ ಮಾತ್ರ ಇರುತ್ತದೆ. ಇದ್ದಾಗಲೂ ಅದರದು ಸಲಹಾತ್ಮಕ ಮತ ಮಾತ್ರ. ಹಣಕ್ಕೆ ಸಮಿತಿ ಕಡ್ಡಾಯ, ಪಾಲನೆಗೆ ಮಂಡಳಿ ಐಚ್ಛಿಕ.

ಧರ್ಮಪ್ರಾಂತ್ಯದ ಮಟ್ಟದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಧರ್ಮಾಧ್ಯಕ್ಷರು ಒಂದು ಧರ್ಮಕೇಂದ್ರವನ್ನು ರದ್ದುಗೊಳಿಸಬೇಕಾದರೆ ಯಾಜಕ ಮಂಡಳಿಯನ್ನು ಆಲಿಸಿದರೆ ಸಾಕು. ಇದು 515ನೆಯ ವಿಧಿ. ನಿಗದಿತ ಮೌಲ್ಯವನ್ನು ಮೀರಿದ ಧರ್ಮಸಭೆಯ ಆಸ್ತಿಯನ್ನು ಪರಭಾರೆ ಮಾಡಬೇಕಾದರೆ ಹಣಕಾಸು ಮಂಡಳಿಯ ಹಾಗೂ ಸಲಹೆಗಾರರ ಕೂಟದ ಸಮ್ಮತಿ ಬೇಕು. ಇದು 1292ನೆಯ ವಿಧಿ. ಸಮ್ಮತಿ ಬೇಕಾದಲ್ಲಿ ಅದಿಲ್ಲದೆ ಮಾಡಿದ ಕಾರ್ಯ ಅಸಿಂಧುವೆಂದು 127ನೆಯ ವಿಧಿ ಹೇಳುತ್ತದೆ. ಹೀಗೆ ಸಮುದಾಯವೊಂದನ್ನು ಅಳಿಸಲು ಆಲಿಸುವಿಕೆ ಸಾಕಾಗುತ್ತದೆ, ಅದರ ಜಮೀನನ್ನು ಮಾರಲು ಸಮ್ಮತಿ ಬೇಕಾಗುತ್ತದೆ.

ಆಸ್ತಿಯ ಬಗೆಗಿನ ಈ ಎಚ್ಚರ ತಪ್ಪಲ್ಲ. ಮಾರಿದ ಭೂಮಿ ಮರಳಿ ಬಾರದು. ಕಳೆದ ಶತಮಾನಗಳ ಅನುಭವವೇ ಆ ವಿಧಿಗಳನ್ನು ಬರೆಯಿಸಿದೆ. ಆದರೆ ಒಂದು ಮಾತು ಇದರಿಂದ ಸಿದ್ಧವಾಗುತ್ತದೆ. ಅಧಿಕಾರವನ್ನು ಇತರರ ಸಮ್ಮತಿಯೊಡನೆ ಬೆಸೆಯುವುದು ಧರ್ಮಸಭೆಯ ಶ್ರೇಣಿಬದ್ಧ ಸ್ವರೂಪಕ್ಕೆ ವಿರುದ್ಧವೆಂದು ಹೇಳಲು ಬರುವುದಿಲ್ಲ. ಏಕೆಂದರೆ ಧರ್ಮಸಭೆಯ ಕಾನೂನೇ ಅದನ್ನು ಮಾಡಿ ತೋರಿಸಿದೆ.

ಇಲ್ಲಿ ಗುರುವರ್ಗವು ತನ್ನನ್ನೂ ಕೇಳಿಕೊಳ್ಳಬೇಕು. ಯಾಜಕ ಮಂಡಳಿಯದೂ ಸಲಹಾತ್ಮಕ ಮತವೇ. ಅಲ್ಲಿ ಗಂಟೆಗಟ್ಟಲೆ ಮಾತನಾಡಿ, ಮುಂದೆ ಆ ವಿಷಯ ಏನಾಯಿತೆಂದು ವರ್ಗಾವಣೆಯ ಪಟ್ಟಿಯಿಂದಲೋ ಸುತ್ತೋಲೆಯಿಂದಲೋ ತಿಳಿಯುವ ಗುರುವಿಗೆ, ತನ್ನ ಧರ್ಮಕೇಂದ್ರದ ಪಾಲನಾ ಮಂಡಳಿಯ ಉಪಾಧ್ಯಕ್ಷರ ಮನಸ್ಸು ಅರ್ಥವಾಗದ ಸಂಗತಿಯೇನಲ್ಲ. ಸಲಹೆ ತಿರಸ್ಕೃತವಾದುದಕ್ಕಿಂತ, ಅದು ಏನಾಯಿತೆಂದು ತಿಳಿಯದಿರುವುದು ಮನಸ್ಸನ್ನು ಹೆಚ್ಚು ನೋಯಿಸುತ್ತದೆ.

ಮತಪೆಟ್ಟಿಗೆ ಪರಿಹಾರವೇ?

ಹಾಗಾದರೆ ‘ಸಲಹಾತ್ಮಕ’ವೆಂಬುದನ್ನು ಅಳಿಸಿ ‘ನಿರ್ಣಾಯಕ’ವೆಂದು ಬರೆದರೆ ಸಮಸ್ಯೆ ತೀರುವುದೇ? ನೆರೆಯ ಧರ್ಮಸಭೆಗಳ ಅನುಭವ ಇಲ್ಲಿ ಎಚ್ಚರಿಕೆಯ ಪಾಠ ಕಲಿಸುತ್ತದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆಯು ಧರ್ಮಾಧ್ಯಕ್ಷ ಪದವಿಯನ್ನು ಉಳಿಸಿಕೊಂಡೇ, ಚುನಾಯಿತ ಶ್ರೀಸಾಮಾನ್ಯರಿಗೆ ಡಯಾಸಿಸ್ ಪರಿಷತ್ತಿನಲ್ಲಿಯೂ ಸಿನೊಡಿನಲ್ಲಿಯೂ ಮತ ನೀಡಿತು. ವಿಭಿನ್ನ ಪರಂಪರೆಗಳನ್ನು ಒಂದುಗೂಡಿಸಿದ ಆ ವ್ಯವಸ್ಥೆಯಿಂದ ನಾವು ಕಲಿಯಬೇಕಾದುದು ಬಹಳವಿದೆ. ಆದರೆ ಚುನಾವಣೆಗಳ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದುದನ್ನೂ ಆ ಸಭೆಯ ಹಿತೈಷಿಗಳೇ ನೋವಿನಿಂದ ಹೇಳುತ್ತಾರೆ. ಮತದಾನವು ಅಧಿಕಾರವನ್ನು ಹಂಚುತ್ತದೆ; ಅದು ತಾನಾಗಿಯೇ ಆಲಿಸುವಿಕೆಯನ್ನು ಕಲಿಸುವುದಿಲ್ಲ. ಐವತ್ತೊಂದು ಮಂದಿಯ ಬಹುಮತವು ನಲವತ್ತೊಂಬತ್ತು ಮಂದಿಗೆ ಕಾರಣ ಹೇಳದೆ ಮುನ್ನಡೆಯಬಲ್ಲದು.

ಇನ್ನೊಂದು ನಿದರ್ಶನ ತೋಮಾ ಕ್ರೈಸ್ತರ ಪಳ್ಳಿಯೋಗಂ. ಕುಟುಂಬಗಳ ಹಿರಿಯರೂ ಸ್ಥಳೀಯ ಗುರುಗಳೂ ಒಟ್ಟಿಗೆ ಕುಳಿತು ದೇವಾಲಯದ ಆಡಳಿತವನ್ನೂ ಸಮುದಾಯದ ನಡೆನುಡಿಯನ್ನೂ ನೋಡಿಕೊಳ್ಳುತ್ತಿದ್ದ ಈ ಕೂಟ ಯಾವ ಸಿನೊಡಿನ ಆದೇಶಕ್ಕೂ ಕಾದಿರಲಿಲ್ಲ. ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಧರ್ಮಪ್ರಾಂತ್ಯಗಳ ಮೂಲಕ ಆ ಪರಂಪರೆ ಇಂದು ನಮ್ಮ ರಾಜ್ಯದಲ್ಲಿಯೂ ಇದೆ. ಭಾಗವಹಿಸುವಿಕೆ ಪಶ್ಚಿಮದ ಪ್ರಜಾಪ್ರಭುತ್ವದಿಂದ ತಂದ ಹೊಸ ಸರಕೆಂದು ಹೇಳುವವರು ಇದನ್ನು ನೆನೆಯಬೇಕು. ಆದರೆ ಕುಟುಂಬದ ಹಿರಿಯರ ಕೂಟವು ಸಹಜವಾಗಿಯೇ ಪುರುಷರ ಕೂಟವಾಗಿತ್ತು ಎಂಬುದನ್ನೂ ಮರೆಯಬಾರದು. ಪ್ರಾಚೀನವೆಂಬ ಕಾರಣಕ್ಕೆ ಯಾವ ರಚನೆಯೂ ಪರಿಪೂರ್ಣವಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯು ‘ಲೂಮೆನ್ ಜೆಂತಿಯುಮ್’ನಲ್ಲಿ ಸಾಮಾನ್ಯ ಯಾಜಕತ್ವವನ್ನೂ ಸೇವಾ ಯಾಜಕತ್ವವನ್ನೂ ಸ್ವರೂಪದಲ್ಲಿ ಬೇರೆಯೆಂದೂ ಒಂದಕ್ಕೊಂದು ಅಭಿಮುಖವೆಂದೂ ಕಲಿಸಿದೆ. ಹಾಗಿರುವಾಗ ಗುರು ಮತ್ತು ಮಂಡಳಿಯ ಸಂಬಂಧವನ್ನು ಯಾರ ಮತ ಯಾರದನ್ನು ಸೋಲಿಸುತ್ತದೆ ಎಂಬ ಪ್ರಶ್ನೆಗೆ ಇಳಿಸಿದರೆ ‘ಅಭಿಮುಖ’ವೆಂಬ ಮಾತು ಸತ್ತಂತೆ. ಮುಖಾಮುಖಿಯಾಗಿರುವುದೆಂದರೆ ಮಾತಿಗೆ ಮರುಮಾತು ಇರುವುದು.

ಪೇತ್ರನು ಕೊಟ್ಟ ಉತ್ತರ

ಈ ಮರುಮಾತಿನ ಧರ್ಮವನ್ನು ಪ್ರೇಷಿತರ ಕಾರ್ಯಕಲಾಪಗಳ ಹನ್ನೊಂದನೆಯ ಅಧ್ಯಾಯ ಸ್ಪಷ್ಟವಾಗಿ ಕಾಣಿಸುತ್ತದೆ. ಅಂತಿಮ ದಾಖಲೆಯೂ ಉತ್ತರದಾಯಿತ್ವಕ್ಕೆ ಇದೇ ನಿದರ್ಶನವನ್ನು ಆರಿಸಿಕೊಂಡಿದೆ. ಕೊರ್ನೇಲಿಯನ ಮನೆಯಲ್ಲಿ ದೀಕ್ಷಾಸ್ನಾನ ಕೊಡಿಸಿ ಹಿಂತಿರುಗಿದ ಪೇತ್ರನನ್ನು ಜೆರುಸಲೇಮಿನ ವಿಶ್ವಾಸಿಗಳು ಆಕ್ಷೇಪಿಸುತ್ತಾರೆ. ಬೀಗದ ಕೈಗಳನ್ನು ಪಡೆದವನು, ದರ್ಶನವನ್ನು ಕಂಡವನು, ಪವಿತ್ರಾತ್ಮರು ಇಳಿದುದಕ್ಕೆ ಸಾಕ್ಷಿಯಾದವನು ‘ನನ್ನನ್ನು ಪ್ರಶ್ನಿಸಲು ನೀವಾರು?’ ಎನ್ನಬಹುದಿತ್ತು. ಅವನು ಮೊದಲಿನಿಂದ ಆರಂಭಿಸಿ, ನಡೆದುದನ್ನು ನಡೆದಂತೆ ಅನುಕ್ರಮವಾಗಿ ವಿವರಿಸುತ್ತಾನೆ. ತನ್ನೊಡನೆ ಬಂದಿದ್ದ ಆರು ಮಂದಿ ಸಹೋದರರನ್ನೂ ಮುಂದಿಡುತ್ತಾನೆ. ಕೇಳಿದವರು ಶಾಂತರಾಗಿ ದೇವರನ್ನು ಸ್ತುತಿಸುತ್ತಾರೆ. ಇಲ್ಲಿ ಪೇತ್ರನ ನಿರ್ಣಯವು ಜನರ ಮತಕ್ಕೆ ಬಿದ್ದಿಲ್ಲ, ಅವನ ಅಧಿಕಾರ ಕುಂದಿಲ್ಲ. ಉತ್ತರ ಕೊಟ್ಟುದರಿಂದಲೇ ಅವನ ನಿರ್ಣಯ ಸಮುದಾಯದ ನಿರ್ಣಯವಾಯಿತು.

ಹದಿನೈದನೆಯ ಅಧ್ಯಾಯದ ಜೆರುಸಲೇಮ್ ಸಭೆಯಲ್ಲಿಯೂ ಇದೇ ಕ್ರಮವಿದೆ. ಬಹಳ ಚರ್ಚೆಯ ನಂತರ ಯಕೋಬನು ತನ್ನ ತೀರ್ಪನ್ನು ನುಡಿಯುತ್ತಾನೆ. ಪ್ರೇಷಿತರೂ ಹಿರಿಯರೂ ಸಮಸ್ತ ಸಭೆಯೊಡನೆ ಪ್ರತಿನಿಧಿಗಳನ್ನು ಆರಿಸುತ್ತಾರೆ. ನಾವು ಸಾಮಾನ್ಯವಾಗಿ ಇಲ್ಲಿಗೇ ಓದನ್ನು ನಿಲ್ಲಿಸುತ್ತೇವೆ. ಮುಂದಿನ ವಚನಗಳಲ್ಲಿ ಅಂತಿಯೋಕ್ಯಕ್ಕೆ ಪತ್ರ ಹೋಗುತ್ತದೆ. ಕಾಗದ ಸಾಲದೆಂದು, ಅದನ್ನೇ ಬಾಯಿಂದಲೂ ವಿವರಿಸಲು ಯೂದ ಮತ್ತು ಸೀಲರು ಹೋಗುತ್ತಾರೆ. ಪ್ರಶ್ನೆ ಎಲ್ಲಿಂದ ಬಂದಿತೋ ಅಲ್ಲಿಗೆ ಉತ್ತರ ಮರಳುವವರೆಗೆ ಆ ಸಭೆ ಮುಗಿಯಲಿಲ್ಲ.

ಮೂರನೆಯ ಶತಮಾನದ ಕಾರ್ಥೇಜಿನ ಸಂತ ಸಿಪ್ರಿಯಾನರನ್ನು ಈ ಚರ್ಚೆಯಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ದೇಸಿಯಸ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ ಅಡಗಿದ್ದ ಸ್ಥಳದಿಂದ ತಮ್ಮ ಗುರುಗಳಿಗೆ ಬರೆದ ಹದಿನಾಲ್ಕನೆಯ ಪತ್ರದಲ್ಲಿ, ಗುರುಗಳ ಸಲಹೆ ಮತ್ತು ಜನರ ಸಮ್ಮತಿಯಿಲ್ಲದೆ ಸ್ವಂತ ಅಭಿಪ್ರಾಯದಿಂದ ಏನನ್ನೂ ಮಾಡುವುದಿಲ್ಲವೆಂದು ಧರ್ಮಾಧ್ಯಕ್ಷ ಪದವಿಯ ಆರಂಭದಿಂದಲೇ ತಾವು ನಿಶ್ಚಯಿಸಿದುದನ್ನು ಅವರು ತಿಳಿಸುತ್ತಾರೆ. ಆದರೆ ನಮಗೆ ಇನ್ನೂ ಉಪಯುಕ್ತವಾದುದು ಅಷ್ಟಾಗಿ ಓದದ ಮೂವತ್ತೆಂಟನೆಯ ಪತ್ರ. ಅಲ್ಲಿ ಅವರು, ವಿಶ್ವಾಸಕ್ಕಾಗಿ ಯಾತನೆಯುಂಡ ಔರೇಲಿಯಸ್ ಎಂಬ ಯುವಕನನ್ನು ಯಾರನ್ನೂ ಕೇಳದೆ ವಾಚಕನನ್ನಾಗಿ ನೇಮಿಸಿದ್ದಾರೆ. ಕೇಳುವುದು ತಮ್ಮ ವಾಡಿಕೆಯೆಂದು ಒಪ್ಪಿ, ಈ ಬಾರಿ ಏಕೆ ಕೇಳಲಿಲ್ಲವೆಂಬ ಕಾರಣವನ್ನು ಗುರುಗಳಿಗೂ ಜನರಿಗೂ ಬರೆದು ತಿಳಿಸುತ್ತಾರೆ: ದೇವರ ಸಾಕ್ಷ್ಯವೇ ಮುಂದೆ ಬಂದಿರುವಾಗ ಮಾನವರ ಸಾಕ್ಷ್ಯಕ್ಕೆ ಕಾಯಬೇಕಿರಲಿಲ್ಲ ಎಂಬುದು ಅವರ ವಾದ. ಆ ವಾದವನ್ನು ನಾವು ಒಪ್ಪಬಹುದು, ಒಪ್ಪದಿರಬಹುದು. ನಿಯಮವನ್ನು ಮೀರಿದಾಗಲೂ ಉತ್ತರದ ಋಣವನ್ನು ಅವರು ಮೀರಲಿಲ್ಲ ಎಂಬುದು ಇಲ್ಲಿ ಮುಖ್ಯ.

ದಾಖಲೆಯ ಎರಡು ಕೊರತೆಗಳು

ಈ ಹಿನ್ನೆಲೆಯಲ್ಲಿ ಅಂತಿಮ ದಾಖಲೆಯ ಮೊದಲ ಕೊರತೆ ಎದ್ದುಕಾಣುತ್ತದೆ. ಕಾರಣವನ್ನು ವಿವರಿಸಬೇಕೆಂಬ ತತ್ತ್ವವನ್ನು ಅದು ಸರಿಯಾಗಿಯೇ ಸ್ಥಾಪಿಸಿದೆ. ಆದರೆ ಯಾರಿಗೆ, ಎಷ್ಟು ಕಾಲದೊಳಗೆ, ಯಾವ ರೂಪದಲ್ಲಿ ಎಂಬುದನ್ನು ಹೇಳಿಲ್ಲ.  ಕರ್ತವ್ಯವೊಂದನ್ನು ಕ್ರಿಯಾವಿಧಾನವಿಲ್ಲದೆ ಘೋಷಿಸಿದಾಗ ಅದು ಸದ್ಗುಣವಂತರನ್ನಷ್ಟೇ ಬಾಧಿಸುತ್ತದೆ. ಮೊದಲೇ ಉತ್ತರ ಕೊಡುತ್ತಿದ್ದ ಗುರು ಇನ್ನಷ್ಟು ಕೊಡುತ್ತಾರೆ, ಕೊಡದಿದ್ದವರು ಕೊಡದೆಯೇ ಉಳಿಯುತ್ತಾರೆ.

ಎರಡನೆಯ ಕೊರತೆ ಇನ್ನೂ ಆಳದ್ದು. ಮಂಡಳಿಯಲ್ಲಿ ಕುಳಿತವರೆಲ್ಲರೂ ಮಾತನಾಡಬಲ್ಲರೆಂದು ದಾಖಲೆ ಬಹುಮಟ್ಟಿಗೆ ಭಾವಿಸಿಕೊಂಡಂತಿದೆ. ಬಡವರನ್ನೂ ಸ್ತ್ರೀಯರನ್ನೂ ಸೇರಿಸಬೇಕೆಂದು ಅದು ಹೇಳುತ್ತದೆ ನಿಜ. ಸೇರಿದ ಮೇಲೆ ಅವರ ಬಾಯಿ ಕಟ್ಟುವುದು ಯಾವುದೆಂದು ಅದು ಸಾಕಷ್ಟು ಕೇಳಿಲ್ಲ. ನಮ್ಮ ನಾಡಿನಲ್ಲಿ ಆ ಪ್ರಶ್ನೆಗೆ ಜಾತಿ ಮತ್ತು ಭಾಷೆಗಳೆಂಬ ಎರಡು ಹೆಸರುಗಳಿವೆ. ದಲಿತ ಕುಟುಂಬದ ಪ್ರತಿನಿಧಿಯೊಬ್ಬರು ಸಭೆಯಲ್ಲಿ ಹಾಜರಿದ್ದು ಸಹಿ ಹಾಕಿ ಮನೆಗೆ ಹೋಗುವುದನ್ನು ಒಮ್ಮತವೆಂದು ಲೆಕ್ಕಕ್ಕೆ ಹಿಡಿಯುವುದು ಸುಲಭ. ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಮಾತನಾಡುವವರು ಒಂದೇ ಬಲಿಪೀಠದ ಸುತ್ತ ಸೇರುವ ಧರ್ಮಕೇಂದ್ರದಲ್ಲಿ ಸಭೆಯು ಇಂಗ್ಲಿಷಿನಲ್ಲಿ ಅಥವಾ ಬಹುಸಂಖ್ಯಾತರ ನುಡಿಯಲ್ಲಿ ನಡೆದರೆ, ಕೆಲವರ ಮೌನವೇ ಸಮ್ಮತಿಯಾಗಿ ಬರೆಯಲ್ಪಡುತ್ತದೆ.

ಆರನೆಯ ಅಧ್ಯಾಯದಲ್ಲಿ ಆದಿಸಭೆ ಎದುರಿಸಿದ ಗೊಣಗಾಟವೂ ಭಾಷೆಯ ಗೆರೆಯ ಮೇಲೆಯೇ ಹುಟ್ಟಿತು. ದಿನದ ಸಹಾಯ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರು ಕಡೆಗಣಿಸಲ್ಪಟ್ಟಿದ್ದರು. ಪ್ರೇಷಿತರು ಸಮುದಾಯವನ್ನು ಕರೆದು ಏಳು ಮಂದಿಯನ್ನು ಆರಿಸಲು ಹೇಳಿದರು. ಆರಿಸಲ್ಪಟ್ಟ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರಿದವರ ಕಡೆಯವರ ಕೈಗೇ ಹೊಣೆ ಬಂದಿತು, ಪ್ರೇಷಿತರು ಅವರ ಮೇಲೆ ಹಸ್ತಗಳನ್ನಿಟ್ಟರು. ನಮ್ಮ ಮಂಡಳಿಗಳ ರಚನೆಯನ್ನು ಅಳೆಯಲು ಇದಕ್ಕಿಂತ ಕಠಿಣ ಅಳತೆಗೋಲು ಬೇಡ.

ಆಕ್ಷೇಪಗಳು

ಗುರು ತನ್ನ ಧರ್ಮಾಧ್ಯಕ್ಷರಿಗೆ ಉತ್ತರಿಸುತ್ತಾನೆಯೇ ಹೊರತು ಮಂಡಳಿಗಲ್ಲ ಎಂಬುದು ಒಂದು ಆಕ್ಷೇಪ. ಕಾನೂನಿನಲ್ಲಿ ಧರ್ಮಕೇಂದ್ರವನ್ನು ಪ್ರತಿನಿಧಿಸುವವನು ಅವನೇ, ನಿಜ. ಆದರೆ ಮೇಲಕ್ಕೆ ಕೊಡುವ ಲೆಕ್ಕವು ಪಕ್ಕದವರಿಗೆ ಕೊಡುವ ಲೆಕ್ಕವನ್ನು ರದ್ದುಮಾಡುವುದಿಲ್ಲ. ಪೇತ್ರನಿಗಿಂತ ಮೇಲಿನವರು ಜೆರುಸಲೇಮಿನಲ್ಲಿ ಯಾರಿದ್ದರು? ಕೆಲವು ಕಾರಣಗಳನ್ನು ಬಹಿರಂಗವಾಗಿ ಹೇಳಲಾಗದು ಎಂಬುದು ಇನ್ನೊಂದು. ಇದೂ ನಿಜ: ವ್ಯಕ್ತಿಯ ಮಾನ, ಪಾಪನಿವೇದನೆಯ ಗುಟ್ಟು, ಕುಟುಂಬದ ಸಂಕಟ, ಇವುಗಳನ್ನು ಸಭೆಯಲ್ಲಿ ತೆರೆದಿಡುವಂತಿಲ್ಲ. ಪಾಪನಿವೇದನೆಯ ಗುಟ್ಟು ಎಲ್ಲಿಯೂ ತೆರೆಯದು; ಅದನ್ನು ಆಧರಿಸಿ ನಿರ್ಣಯವನ್ನೂ ಕೈಗೊಳ್ಳುವಂತಿಲ್ಲ. ಉಳಿದ ಸಂದರ್ಭಗಳಲ್ಲಿ ‘ಕಾರಣವಿದೆ, ಗೋಪ್ಯವಾದುದು, ಧರ್ಮಾಧ್ಯಕ್ಷರಿಗೆ ತಿಳಿಸಿದ್ದೇನೆ’ ಎಂಬುದೂ ಒಂದು ಉತ್ತರವೇ. ಮೌನ ಮಾತ್ರ ಉತ್ತರವಲ್ಲ.

ಮೂರನೆಯ ಆಕ್ಷೇಪ ಸದಸ್ಯರ ಕಡೆಗೆ ಬೆರಳು ತೋರುತ್ತದೆ, ಅದರಲ್ಲಿ ಹುರುಳಿದೆ. ಮಂಡಳಿಯ ಸ್ಥಾನವನ್ನು ಗೌರವದ ಪದವಿಯೆಂದು ಹಿಡಿದು, ತಮ್ಮ ವಾಳೆಯ ಜನರನ್ನು ವರ್ಷಕ್ಕೊಮ್ಮೆಯೂ ಕೇಳದೆ ಅವರ ಹೆಸರಿನಲ್ಲಿ ಮಾತನಾಡುವ ಗುರಿಕಾರರೂ ಇದ್ದಾರೆ. ಸಭೆಯಲ್ಲಿ ತಲೆಯಾಡಿಸಿ ಅಂಗಳದಲ್ಲಿ ಬೇರೆ ಮಾತನಾಡುವವರೂ ಇದ್ದಾರೆ. 212ನೆಯ ವಿಧಿಯು ಅಭಿಪ್ರಾಯ ತಿಳಿಸುವುದನ್ನು ವಿಶ್ವಾಸಿಗಳ ಹಕ್ಕೆಂದೂ ಕೆಲವೊಮ್ಮೆ ಕರ್ತವ್ಯವೆಂದೂ ಹೇಳುವಾಗ ಅವರ ಅರಿವು, ಗುರುಗಳ ಬಗೆಗಿನ ಗೌರವ ಹಾಗೂ ಸರ್ವರ ಹಿತವನ್ನು ಷರತ್ತಾಗಿ ಇಡುತ್ತದೆ. ಉತ್ತರದ ಋಣ ಗುರುವಿನಿಂದ ಸದಸ್ಯರಿಗೆ ಇರುವಂತೆಯೇ ಸದಸ್ಯರಿಂದ ಅವರನ್ನು ಕಳುಹಿಸಿದ ಮನೆಗಳಿಗೂ ಇದೆ.

ಈಗಲೇ ಸಾಧ್ಯವಾದುದು

ಕಾನೂನು ಸಂಹಿತೆ ತಿದ್ದುಪಡಿಯಾಗುವವರೆಗೆ ಕೈಕಟ್ಟಿ ಕುಳಿತಿರಬೇಕೇ? ಬೇಕಾಗಿಲ್ಲ. ಸಲಹಾತ್ಮಕ ಮತವೆಂದು ಮಿತಿ ಹಾಕುವ 536ನೆಯ ವಿಧಿಯ ಎರಡನೆಯ ಪರಿಚ್ಛೇದವೇ, ಮಂಡಳಿಯು ಧರ್ಮಾಧ್ಯಕ್ಷರು ರೂಪಿಸಿದ ನಿಯಮಗಳಂತೆ ನಡೆಯಬೇಕೆಂದೂ ಹೇಳುತ್ತದೆ. ಅಂದರೆ ಬೀಗವಿರುವ ಬಾಗಿಲಿನಲ್ಲಿಯೇ ಕೀಲಿಯೂ ಇದೆ. ಒಂದು ಧರ್ಮಪ್ರಾಂತ್ಯದ ನಿಯಮಾವಳಿ ರೋಮಿನ ತಿದ್ದುಪಡಿಗೆ ಕಾಯದೆ ಮೂರು ಮಾತುಗಳನ್ನು ಸೇರಿಸಬಹುದು. ಮಂಡಳಿಯ ಒಮ್ಮತದ ಸಲಹೆಯನ್ನು ಗುರು ಸ್ವೀಕರಿಸದಿದ್ದರೆ ಮುಂದಿನ ಸಭೆಯೊಳಗೆ ಕಾರಣವನ್ನು ತಿಳಿಸಿ ಅದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಧರ್ಮಾಧ್ಯಕ್ಷರ ಪಾಲನಾ ಭೇಟಿಯ ವೇಳೆ ಲೆಕ್ಕಪುಸ್ತಕದೊಡನೆ ಆ ನಡಾವಳಿಯನ್ನೂ ಪರಿಶೀಲಿಸಬೇಕು. ವರ್ಷಕ್ಕೊಮ್ಮೆ ಭಾನುವಾರದ ಬಲಿಪೂಜೆಗೆ ನೆರೆದ ಜನರ ಮುಂದೆ, ಅವರಿಗೆ ತಿಳಿಯುವ ಭಾಷೆಯಲ್ಲಿ, ಏನು ಕೇಳಲಾಯಿತು, ಏನು ಮಾಡಲಾಯಿತು, ಏನು ಆಗಲಿಲ್ಲ ಎಂಬುದನ್ನು ಓದಿ ಹೇಳಬೇಕು. ಇವುಗಳಲ್ಲಿ ಯಾವುದೂ ಗುರುವಿನ ಅಧಿಕಾರವನ್ನು ಕಸಿಯುವುದಿಲ್ಲ.

ಗುರುಮಠಗಳ ಹೊಣೆಯೂ ಇಲ್ಲಿದೆ. ನಮ್ಮ ವಿದ್ಯಾರ್ಥಿಗಳು ಪ್ರಬೋಧನೆ ಮಾಡುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಒಂದು ಸಭೆಯ ಅಧ್ಯಕ್ಷತೆ ವಹಿಸಿ, ತಮಗೆ ಒಪ್ಪಿಗೆಯಾಗದ ಮಾತನ್ನು ಕೊನೆಯವರೆಗೆ ಕೇಳಿ, ಅದಕ್ಕೆ ಕಾರಣಸಹಿತ ಉತ್ತರ ಕೊಡುವುದನ್ನು ಎಲ್ಲಿ ಅಭ್ಯಾಸ ಮಾಡುತ್ತಾರೆ? ಗುರುಮಠದೊಳಗೆ ವಿದ್ಯಾರ್ಥಿ ಪ್ರತಿನಿಧಿಗಳ ಮನವಿಗೆ ಮೇಲ್ವಿಚಾರಕರು ಹೇಗೆ ಉತ್ತರಿಸುತ್ತಾರೋ, ಹತ್ತು ವರ್ಷಗಳ ನಂತರ ಆ ವಿದ್ಯಾರ್ಥಿ ತನ್ನ ಧರ್ಮಕೇಂದ್ರದಲ್ಲಿ ಹಾಗೆಯೇ ಉತ್ತರಿಸುವ ಸಂಭವ ಹೆಚ್ಚು.

ಸಿನೊಡಿನ ಅನುಷ್ಠಾನದ ಹಂತವು 2027ರ ಮೊದಲ ಭಾಗದಲ್ಲಿ ಧರ್ಮಪ್ರಾಂತ್ಯಗಳ ಮೌಲ್ಯಮಾಪನ ಸಭೆಗಳಿಗೂ 2028ರ ಅಕ್ಟೋಬರಿನಲ್ಲಿ ವ್ಯಾಟಿಕನ್ನಿನ ಧರ್ಮಸಭಾ ಸಮಾವೇಶಕ್ಕೂ ನಮ್ಮನ್ನು ಕೊಂಡೊಯ್ಯಲಿದೆ. 2021ರಿಂದ ಮೊದಲ್ಗೊಂಡು ಈ ಪಯಣದಲ್ಲಿ ಧರ್ಮಕೇಂದ್ರಗಳ ಜನರು ಪ್ರಶ್ನಾವಳಿಗಳಿಗೆ ಉತ್ತರ ಬರೆದರು, ಗುಂಪುಗಳಲ್ಲಿ ಕುಳಿತು ಮಾತನಾಡಿದರು. ಆ ಹಾಳೆಗಳು ಏನಾದವೆಂದು ಅವರು ಇನ್ನೂ ಕೇಳುತ್ತಿದ್ದಾರೆ. ಮುಂದಿನ ಮೌಲ್ಯಮಾಪನಕ್ಕೆ ಅವರನ್ನು ಕರೆಯುವ ಮುನ್ನ, ಪ್ರತಿ ಧರ್ಮಕೇಂದ್ರವೂ ಹಿಂದಿನ ಮಾತುಗಳಿಗೆ ಲಿಖಿತ ಉತ್ತರವೊಂದನ್ನು ಓದಿ ಹೇಳಲಿ. ಅಂತಿಮ ದಾಖಲೆ ಅರ್ಧದಲ್ಲಿ ಬಿಟ್ಟ ವಾಕ್ಯವನ್ನು ಪೂರ್ಣಗೊಳಿಸುವ ಕೆಲಸ ಅಲ್ಲಿಂದ ಆರಂಭವಾಗಬಹುದು.